ಮೂರು ಕಿಲೋ ಜೋಳದ ಗಂಟು

ಬಬಲೇಶ್ವರ
೧೨ ಜುಲೈ ೨೦೨೪, ಶುಕ್ರವಾರ

ಪ್ರೀತಿಯ ವಿದ್ಯಾ,

ನಿನಗೆ ಅವ್ವನ ಆಶೀರ್ವಾದ. ಮೈಯಲ್ಲಿ ಆರಾಮವಿದೆಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಇಲ್ಲಿ ನಾನು, ನಿನ್ನ ತಮ್ಮ ಮುತ್ತು, ಅವನ ಹೆಂಡತಿ, ಮಗು ಎಲ್ಲರೂ ಚೆನ್ನಾಗಿದ್ದೇವೆ. ಫೋನಿದ್ದೂ ಕಾಗದ ಏಕೆ ಎನ್ನಬೇಡ. ಫೋನಿನಲ್ಲಿ ಕೇಳಿದರೆ ನೀನು ಮಾತು ತೇಲಿಸುತ್ತೀ. ಮೂವತ್ನಾಲ್ಕು ವರ್ಷ ಶಾಲೆಯಲ್ಲಿ ಮಕ್ಕಳ ನೆಪ ಕೇಳಿದವಳು ನಾನು, ನಿನ್ನದು ನನಗೆ ತಿಳಿಯದೇ?

ನೀನು ಗೊತ್ತುಮಾಡಿದ ವ್ಯಾಯಾಮದ ಹುಡುಗಿ ಶಹಜಾದಿ ವಾರಕ್ಕೆರಡು ಸಲ ವಿಜಯಪುರದಿಂದ ಬರುತ್ತಿದ್ದಾಳೆ. ಒಳ್ಳೆಯ ಹುಡುಗಿ, ಅವಳ ಮೇಲೆ ನನ್ನ ತಕರಾರಿಲ್ಲ. ತಕರಾರೆಲ್ಲ ನಿನ್ನ ಮೇಲೆ. ಅರವತ್ತಾರು ವರ್ಷದ ನನಗೆ ಈಗ ತಾಲೀಮು ಏಕೆ? ಮೊಣಕಾಲು ನೋವೆಂದು ಮೂರು ವರ್ಷದಿಂದ ನೆಲಕ್ಕೆ ಕೂತಿಲ್ಲ, ಕುರ್ಚಿಯಲ್ಲೇ ನನ್ನ ಸಂಸಾರ. ಆಗೆಲ್ಲ ಸುಮ್ಮನಿದ್ದೆಯಲ್ಲ. ಮೇ ತಿಂಗಳಲ್ಲಿ ನನ್ನ ರಕ್ತ ತಪಾಸಣೆ ಮಾಡಿಸಿ, ಎಲ್ಲ ಸರಿಯಿದೆ ಅಂದು ರಿಪೋರ್ಟು ನೀನೇ ಇಟ್ಟುಕೊಂಡೆ. ಅಂದಿನಿಂದ ಈ ಕಡೆ ಮುಖ ಹಾಕಿಲ್ಲ. ಬಸ್ಸಿಗೆ ಒಂದು ತಾಸಿನ ಹಾದಿ. ಕೇಳಿದರೆ ಬ್ಯಾಂಕಿನಲ್ಲಿ ಆಡಿಟ್ ಅನ್ನುತ್ತೀ, ನಾನೇ ಬರುತ್ತೇನೆಂದರೆ ಅದೂ ಬೇಡ ಅನ್ನುತ್ತೀ. ನನಗೇನೋ ದೊಡ್ಡ ರೋಗ ಬಂದಿದೆ, ಹಾಸಿಗೆ ಹಿಡಿಯುವ ಮೊದಲು ಕೈಕಾಲು ಗಟ್ಟಿ ಮಾಡಿಸುತ್ತಿದ್ದೀ ಎಂದೇ ನನಗೆ ಹೆದರಿಕೆಯಾಯಿತು. ಮುತ್ತುವಿಗೂ ಗೊತ್ತಿರಬೇಕೆಂದು ಅವನ ಮುಖ ನೋಡುತ್ತ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅವನಿಗೇನೂ ಗೊತ್ತಿದ್ದಂತೆ ಕಾಣಲಿಲ್ಲ.

ಇನ್ನು ಆ ತಾಲೀಮು. ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಗೆ ಕೈಕೊಟ್ಟು ಮೈ ಬಾಗಿಸುವುದು, ಅಲ್ಲಿಯವರೆಗೆ ಸರಿ. ಹೋದ ವಾರದಿಂದ ಮಣೆಯ ಮೇಲೆ ಕಾಲು ಚಾಚಿ ಕೂಡ್ರಿಸಿ, ಕೈಗೆ ಮೂರು ಕಿಲೋ ಜೋಳದ ಗಂಟು ಕೊಡುತ್ತಾಳೆ. ಅದನ್ನು ಎದೆಗವಚಿಕೊಂಡೇ ಏಳಬೇಕು. ಕೆಳಗಿಟ್ಟು ಏಳುತ್ತೇನೆಂದರೆ ಒಪ್ಪುವುದಿಲ್ಲ. ಗಂಟಿನ ಮೇಲ್ತುದಿಗೆ ಒಂದು ಅಂಗೈ ಆಸರೆ ಇರಲೇಬೇಕಂತೆ. ಇದ್ಯಾವ ತಾಲೀಮು ಎಂದು ಕೇಳಿದೆ. "ಅಕ್ಕಾರ ಹಿಂಗ ಕಲಿಸು ಅಂದಾರ್ರಿ ಅವ್ವಾರ. ಕೈ ಮಾತ್ರ ಬಿಡಬ್ಯಾಡ್ರಿ," ಅಂದವಳು ಮುಖ ಆಚೆ ತಿರುಗಿಸಿದಳು. ಆ ಹುಡುಗಿಗೆ ನಗು ಮುಚ್ಚಿಡಲು ಬರುವುದಿಲ್ಲ. ನೀವಿಬ್ಬರೂ ಸೇರಿ ಏನೋ ಹಂಚಿಕೆ ಹಾಕಿದ್ದೀರಿ. ನನ್ನ ರೋಗದ ಮಾತಾದರೆ ನೇರವಾಗಿ ಬರೆ, ತಡೆದುಕೊಳ್ಳುವ ಶಕ್ತಿ ನನಗಿದೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿಮ್ಮಿಬ್ಬರನ್ನೂ ದೇವರು ತಣ್ಣಗಿಡಲಿ.

ಇಂತಿ ನಿನ್ನ ಅವ್ವ,
ರುದ್ರವ್ವ

ತಾ. ಕ.: ಕಾಗದ ಮಡಚಿಟ್ಟು ಆ ಗಂಟನ್ನು ಮತ್ತೊಮ್ಮೆ ಕಾಲ ಮೇಲೆ ಹಾಕಿಕೊಂಡೆ. ತಲೆಗಿಂತ ಮೊದಲು ಕೈಗೇ ತಿಳಿಯಿತು. ನೀವು ಕೂಸಾಗಿದ್ದಾಗ ನಿನಗೂ ಮುತ್ತುವಿಗೂ ಹೀಗೇ ಕಾಲು ಚಾಚಿ ಕೂತು, ತಲೆಗೆ ಅಂಗೈ ಕೊಟ್ಟು ನೀರೆರೆದವಳು ನಾನು. ಹೋದ ವರ್ಷ ಮೂರನೆಯ ತಿಂಗಳಲ್ಲೇ ಬಸಿರು ಕಳೆದುಕೊಂಡೆಯಲ್ಲ, ಅದಕ್ಕೇ ಈ ಸಲ ಬಸ್ಸು ಹತ್ತದೆ, ಯಾರಿಗೂ ಹೇಳದೆ ಅಂಜಿ ಕೂತಿದ್ದೀ. ಹೇಳಬೇಡ, ನಾನೂ ಕೇಳುವುದಿಲ್ಲ. ಮುತ್ತುವಿನ ಮಗುವಿಗೆ ಎರೆಯಲು ಹೊರಗಿನವರು ಬಂದರು, ನಾನು ಕುರ್ಚಿಯಲ್ಲಿ ಕೂತು ನೋಡಿದೆ, ಕಣ್ಣೀರು ಬಂತು. ನಿನ್ನ ಕೂಸಿಗೆ ನಾನೇ ಎರೆಯುತ್ತೇನೆ. ಈಗಷ್ಟೇ ಗೋಡೆ ಹಿಡಿಯದೆ ಎರಡು ಸಲ ಎದ್ದೆ. ನೀನು ಮಾತ್ರ ಏನನ್ನೂ ಎತ್ತಬೇಡ.