ಸೋಮವಾರ ನಡುಗದ ಗುಡ್ಡ

ಗೋಕಾಕ
12 ನವೆಂಬರ್ 2024

ಹುಕ್ಕೇರಿಯಲ್ಲಿ ಮಗಳ ಮನೆ ಸೇರಿರುವ ಅಕ್ಕ ಉದ್ದವ್ವಳಿಗೆ, ಒಡಹುಟ್ಟಿದ ಸಿದ್ರಾಯನ ಶರಣು.

ಕ್ಷೇಮ ಕೇಳುವ ಮೊದಲು ಹೋದದ್ದನ್ನು ಕೂಡಿಸಿಬಿಡುತ್ತೇನೆ. ಜಮೀನು ದಲಾಲಿ ಮಾಡಿ ಬೆಳೆದವನ ಚಟ. ಮೇಲವಂಕಿ ಗುಡ್ಡದ ಮೇಲಿನ ಮನೆ ಒಂದು. ಸೀಳು ಬಿಟ್ಟ ಗೋಡೆ ಹನ್ನೊಂದು, ಅದರಲ್ಲಿ ನಿನ್ನವು ನಾಲ್ಕು. ನೀರು ಇಳಿದುಹೋದ ಬಾವಿ ಎರಡು. ಅಕ್ಕ ತಮ್ಮ ಮಾತಾಡದ ತಿಂಗಳು ಏಳು. ರೊಕ್ಕ ಇದರಲ್ಲಿ ಸೇರಿಲ್ಲ.

ಮಗಳು ಶೋಭಾಳ ಕೈಯಲ್ಲಿ ನೀನು ಕೇಳಿಸಿದ್ದೆ: ನೆಲ ತಣ್ಣಗಾಗಿದ್ದರೆ ಮನೆ ಮಾರಲು ಮುಂಗಡವಾಗಿ ಪಡೆದ ಸಂಚಕಾರದ ಹಣ ಮಾಲಿಂಗಪ್ಪನಿಗೆ ತಿರುಗಿ ಕೊಟ್ಟು ಮನೆಗೆ ಮರಳಬಹುದೇ ಎಂದು. ಉತ್ತರ ಫೋನಿನಲ್ಲಿ ಹೇಳುವಂಥದ್ದಲ್ಲ.

ಚೈತ್ರದಲ್ಲಿ ಊಟದ ಹೊತ್ತಿಗೆ ನೆಲ ಗುಡುಗಿ ನಿನ್ನ ಅಡುಗೆಮನೆಯ ಚರಿಗೆಗಳು ಕುಣಿಯುತ್ತಿದ್ದವಲ್ಲ, ಹಿಡಕಲ್ ಡ್ಯಾಮಿನ ನೀರಿನ ಭಾರ ಅಂದರು ಕೆಲವರು. ಗುಡ್ಡದ ಆಚೆ ಮಗ್ಗುಲಲ್ಲಿ ಕಲ್ಲು ಒಡೆಸುವ ಮಾಲಿಂಗಪ್ಪ ಬೇರೆಯೇ ಹೇಳಿದ: ನಮ್ಮ ಕರಿಕಲ್ಲು ಹಿಂದೊಮ್ಮೆ ಬೆಂಕಿಯಾಗಿ ಹರಿದದ್ದು, ಮಲಗಿದ್ದ ಆ ಬೆಂಕಿ ಈಗ ಎದ್ದಿದೆ. ಅವನ ಮಾತನ್ನು ಮನೆಮನೆಗೆ ಮುಟ್ಟಿಸಿದ ನಾಲಿಗೆ ನನ್ನದು. ನಿನ್ನ ಕಟ್ಟೆಯ ಮೇಲೆ ನಿನ್ನದೇ ಚಹಾ ಕುಡಿಯುತ್ತ, ಲಾವಾ ಎಂದರೆ ಕೊಪ್ಪರಿಗೆಯಲ್ಲಿ ಉಕ್ಕುವ ಬೆಲ್ಲದ ಹಾಗೆ ಎಂದು ವರ್ಣಿಸಿದೆ.

"ಬೆಲ್ಲಾ ಆರಿ ಪೆಂಟಿ ಆದ ಮ್ಯಾಲ ಮತ್ತ ಉಕ್ಕತೈತೇನೋ ಸಿದ್ಯಾ?" ಎಂದು ಕೇಳಿದ್ದೆ ನೀನು. ಆ ಗುಡ್ಡದಲ್ಲಿ ಭೂಗರ್ಭಶಾಸ್ತ್ರ ಬಲ್ಲವಳು ನೀನೊಬ್ಬಳೇ ಇದ್ದೆ.

ನೀನು ಹೋದ ಮೇಲೆ ಶ್ರದ್ಧಾ ಎಂಬ ಹುಡುಗಿ ಬಂದಳು. ಬೆಲ್ಲದ ಬಾಗೇವಾಡಿಯ ಜೈನರ ಮಗಳು, ಕಲ್ಲಿನ ಮೇಲೆ ಸಂಶೋಧನೆ ಮಾಡುವವಳು. ಡ್ಯಾಮು ತುಂಬಿದಾಗ ನೆಲ ಅಲುಗುತ್ತದೆಯೇ ನೋಡಲು ನಿನ್ನ ನೆರೆಯ ದುಂಡಪ್ಪನ ಕೊಟ್ಟಿಗೆಯಲ್ಲಿ ಕಂಪನ ಅಳೆಯುವ ಯಂತ್ರ ಹೂತಳು. ಆರೂವರೆ ಕೋಟಿ ವರ್ಷದ ಹಿಂದೆ ನೆಲದ ಬಿರುಕುಗಳಿಂದ ಪದರ ಪದರವಾಗಿ ಹರಿದು ಆರಿದ ಕಲ್ಲು ಇದು, ಏಳುವುದಕ್ಕೆ ಅಡಿಯಲ್ಲಿ ಯಾವ ಬೆಂಕಿಯೂ ಮಲಗಿಲ್ಲ ಅಂದಳು. ನಿನ್ನ ಮಾತೇ, ಸ್ವಲ್ಪ ಉದ್ದ. ತಿಂಗಳಾದ ಮೇಲೆ ನನ್ನ ಮುಂದೆ ಹಾಳೆ ಹರಡಿದಳು.

"ಕಾಕಾ, ವಾರದಾಗ ಆರು ದಿನಾ ಬರೋಬ್ಬರಿ ಒಂದೂವರಿಗೆ ನಡಗತೈತಿ. ಸೋಮವಾರ ಇಲ್ಲ. ನಿಮ್ಮೂರಾಗ ಭೂಮಿತಾಯಿನೂ ಸೋಮವಾರ ಹಿಡೀತಾಳೇನ್ರಿ?"

ಸೋಮವಾರ ಬಸವಣ್ಣನ ದಿನ, ನಮ್ಮಲ್ಲಿ ಯಾರೂ ಎತ್ತು ಹೂಡುವುದಿಲ್ಲ. ಆ ನೇಮ ಮೀರದವನೊಬ್ಬ ಗುಡ್ಡದ ಆಚೆಗೂ ಇದ್ದ. ಕೇಳಲು ಹೋದೆ. ಮಾಲಿಂಗಪ್ಪ ಮುಚ್ಚಿಡಲಿಲ್ಲ: ಆಳ ತೂತಿಗೆ ಮದ್ದು ತುಂಬಿ, ಮೇಲೆ ಮರಳಿನ ಚೀಲ ಹೇರಿ ಸಿಡಿಸುತ್ತಿದ್ದ, ಸದ್ದು ಪಾತಾಳದಿಂದ ಎದ್ದಂತೆ ಕೇಳುತ್ತಿತ್ತು. ಹೆದರಿದವರ ಜಾಗ ಅಗ್ಗವಾಗಿ ಸಿಗುತ್ತಿತ್ತು. ಸೋಮವಾರವೂ ಸಿಡಿಸಿದ್ದರೆ ಸಿಕ್ಕಿಬೀಳುತ್ತಿರಲಿಲ್ಲವಲ್ಲ ಎಂದೆ.

"ಎತ್ತಿನ ಹೆಗಲಿಗೆ ನೊಗಾ ಇಡದ ದಿನಾ ಕಲ್ಲಿಗೆ ಮದ್ದು ಹೆಂಗ ಇಡ್ಲಿ? ಪಾಪ ಹತ್ತತೈತಿ" ಅಂದ.

ಶ್ರದ್ಧಾ ವರದಿ ಬರೆದಳು. ಗಣಿ ಇಲಾಖೆಯ ಸಾಹೇಬರು ದೀಪಾವಳಿಯ ಹೊತ್ತಿಗೆ ಬಂದು ಕೆಲಸ ನಿಲ್ಲಿಸಿದರು. ನಿಲ್ಲಿಸಲು ಏನೂ ಉಳಿದಿರಲಿಲ್ಲ. ನಿನ್ನ ಮನೆ ದಸರೆಗೇ ಬಿದ್ದಿತ್ತು. ಅದರ ಅಡಿಯ ಬಂಡೆ ಮೂಡಲಗಿ ರಸ್ತೆಗೆ ಜಲ್ಲಿಯಾಗಿ ಹೋಯಿತು. ಈಗ ಅಲ್ಲಿರುವುದು ಗುಂಡಿ, ಅದರಲ್ಲಿ ಹಿಂಗಾರಿ ಮಳೆಯ ನೀರು. ಸಂಚಕಾರ ತಿರುಗಿಸಿದರೆ ಆ ನೀರು ನಿನ್ನದಾಗಬಹುದು, ಅಷ್ಟೇ.

ನಾನೂ ಅವನನ್ನು ನಂಬಿ ಕೆಟ್ಟೆ, ಅಕ್ಕಾ. ಇಷ್ಟು ಮಾತ್ರ ನಂಬು.

ನಿನ್ನ ತಮ್ಮ,
ಸಿದ್ರಾಯ

ತಾ.ಕ.: ಕೊನೆಯ ಸಾಲು ಸುಳ್ಳು. ಸೋಮವಾರ ಒಳ್ಳೆಯ ದಿನ, ಸಂಚಕಾರ ಪತ್ರಕ್ಕೆ ಅಂದೇ ಸಹಿ ಹಾಕುತ್ತೇನೆ ಎಂದಿದ್ದೆ ನೀನು. ಮಂಗಳವಾರಕ್ಕೆ ತಳ್ಳಿದವನು ನಾನು. ಗಡಿಯಾರ ನೋಡಿ ಒಂದೂವರೆಗೆ ನಿನ್ನ ಕೈಗೆ ಪೆನ್ನು ಕೊಟ್ಟವನೂ ನಾನೇ. ಸಿಕ್ಕಿದ್ದರ ಲೆಕ್ಕ ಹೀಗೆ: ಮಾಲಿಂಗಪ್ಪನಿಗೆ ಗುಡ್ಡ. ಮೂಡಲಗಿಗೆ ರಸ್ತೆ. ಶ್ರದ್ಧಾಳಿಗೆ ಪದವಿ. ನನಗೆ ದಲಾಲಿ, ನೂರಕ್ಕೆ ಎರಡು. ನಿನಗೆ ಈ ಕಾಗದ.