ಹೊನೊಕಾಳ ಪರವಾಗಿ ಯೂಮಾ

ಮಿಸಾಕಿ ಬಂದರು,
ಏಪ್ರಿಲ್ ಹದಿನಾಲ್ಕು, ಬೆಳಿಗ್ಗೆ

ಪ್ರೀತಿಯ ಮಗ ಶುಹೆಯಿಗೆ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಇಂಜಿನ್ ಕೋಣೆಯಿಂದ ಬೆವರುತ್ತ ಮೇಲೆ ಬಂದು ತಣ್ಣನೆ ಗಾಳಿಗೆ ನಿಲ್ಲಬೇಡಿ ಎಂದು ನಿನ್ನಪ್ಪನಿಗೆ ಮೂವತ್ತು ವರ್ಷ ಬಡಿದುಕೊಂಡೆ, ಅವರು ಕೇಳಲಿಲ್ಲ, ನೀನಾದರೂ ಕೇಳು. ಇಲ್ಲಿ ನಾವು ಮೂವರೂ ಆರಾಮ. ಮೀನು ಮಾರುಕಟ್ಟೆಯ ಒದ್ದೆ ನೆಲದಲ್ಲಿ ನಿಂತು ನಿಂತು ನನ್ನ ಮಂಡಿ ಮಾತ್ರ ಮುನಿಸಿಕೊಂಡಿದೆ. ಹಡಗಿನ ಫೋನಿನಲ್ಲಿ ಮೂರು ಮಾತಾಡುವುದರೊಳಗೆ ಗೊರಗೊರ ಎಂದು ಕಡಿದುಹೋಗುತ್ತದೆ, ಅದಕ್ಕೇ ಈ ಕಾಗದ. ಸಾಮಾನು ತರುವ ಹಡಗು ಇದನ್ನು ನಿನ್ನ ಕೈಗೆ ಕೊಡುವ ಹೊತ್ತಿಗೆ ನಿನ್ನ ಮಗ ಯೂಮಾ ಶಾಲೆಗೆ ಸೇರಿ ತಿಂಗಳಾಗಿರುತ್ತದೆ.

ಹೌದಪ್ಪಾ, ಸೇರಿದ. ಬೈಯುವುದಿದ್ದರೆ ನನ್ನನ್ನು ಬೈ, ನಿನ್ನ ಹೆಂಡತಿ ಯೊರಿಕೊಳನ್ನಲ್ಲ. "ಮೊದಲ ದಿನದ ಸಮಾರಂಭಕ್ಕೆ ಮಾತ್ರ ಕೂರಿಸ್ಬೇಡಿ, ಎಲ್ರೂ ನಗ್ತಾರೆ, ಮಾರನೇ ದಿನ ಮೆಲ್ಲಗೆ ಕಳಿಸಿ" ಎಂದು ನೀನು ಹೇಳಿದ್ದು ನೆನಪಿದೆ. ಅದೇ ಉಸಿರಿನಲ್ಲಿ ಇನ್ನೊಂದು ವರ್ಷ ಹಡಗಿನಲ್ಲೇ ಇರುತ್ತೇನೆಂದೂ ಹೇಳಿದೆ. "ಕರೆದ್ರೆ ತಿರುಗೀನೂ ನೋಡದ ಮಗೂಗೆ ಅಪ್ಪ ಮನೇಲಿದ್ರೇನು, ಬಿಟ್ರೇನು" ಎಂದೆಯಲ್ಲ, ಆ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಇವತ್ತಿಗೂ ಚುಚ್ಚುತ್ತಿದೆ. ಡಾಕ್ಟರು ಆಟಿಸಂ ಎಂದು ಹೇಳಿ ಮೂರು ವರ್ಷವಾಯಿತು. ಬಂದರಿನ ಅಷ್ಟೂ ದೋಣಿಗಳ ಹೆಸರನ್ನು ಅವನ್ನು ದಡಕ್ಕೆ ಕಟ್ಟಿದ ಸಾಲಿನಲ್ಲೇ ತಪ್ಪದೆ ಹೇಳುವ ಮಗು ಅದು, ನೀನು ಮಾತ್ರ ಇನ್ನೂ ಅವನು ಏನು ಹೇಳುವುದಿಲ್ಲ ಎಂಬುದನ್ನೇ ಲೆಕ್ಕ ಹಾಕುತ್ತೀಯ.

ಯೊರಿಕೊಗೆ ಇದ್ದ ದೊಡ್ಡ ಭಯವೆಂದರೆ ಹಾಜರಿ. ಸಮಾರಂಭದಲ್ಲಿ ಹೆಸರು ಕರೆದಾಗ ಮಗು ಎದ್ದು ನಿಂತು "ಇದ್ದೀನಿ" ಅನ್ನಬೇಕಲ್ಲ. ಸರಿ, ನಾನೇ ಮೇಷ್ಟ್ರಾದೆ. ನೀನು ಹೊರಟ ದಿನದಿಂದ ಸಂಜೆ ಊಟಕ್ಕೆ ಮೊದಲು ನಿನ್ನ ಹೆಸರಿನಲ್ಲಿ ಒಂದು ತಟ್ಟೆ ಬಡಿಸಿಡುತ್ತೇನೆ, ಗೊತ್ತಲ್ಲ. ಅನ್ನ, ಸಾರು, ಒಂದಿಷ್ಟು ಮೂಲಂಗಿ ಉಪ್ಪಿನಕಾಯಿ. "ಶುಹೆಯಿ" ಎಂದು ಕರೆದು, ನಿನ್ನ ಪರವಾಗಿ ನಾನೇ "ಇದ್ದೀನಿ" ಅನ್ನುತ್ತೇನೆ. ನನ್ನ ಅತ್ತೆ ನಿನ್ನಪ್ಪನಿಗೆ ಹಾಗೇ ಮಾಡುತ್ತಿದ್ದರು, ನಿನ್ನಪ್ಪ ಪ್ರತಿ ಸಲವೂ ಸಮುದ್ರದಿಂದ ಸುಕ್ಷೇಮವಾಗಿ ಮನೆ ಸೇರಿದರು. ಆ ತಟ್ಟೆಯ ಮುಂದೆಯೇ ಒಂದು ತಿಂಗಳು ಹಾಜರಿ ಕರೆದೆವು. "ಕುರೊಸೆ ಯೂಮಾ" ಎಂದು ನಾನು ಕರೆಯುವುದು, ಅವನು ಅನ್ನದ ಬಟ್ಟಲನ್ನು ತಿರುಗಿಸುತ್ತ ಕೂರುವುದು, ಕಾದು ಕಾದು ಸಾರು ಆರುತ್ತದೆಂದು ಕೊನೆಗೆ ನಾನೇ "ಇದ್ದೀನಿ" ಅನ್ನುವುದು. ನನ್ನ ತಾಳ್ಮೆ ಎಷ್ಟೆಂದು ನಿನಗೆ ಗೊತ್ತೇ ಇದೆ.

ಸಮಾರಂಭದ ದಿನ ಯೂಮಾ ಹಳದಿ ಟೋಪಿ ಹಾಕಿಕೊಂಡು, ಸದ್ದು ತಡೆಯಲು ಕಿವಿಗೆ ಮುಚ್ಚಿಗೆ ಇಟ್ಟುಕೊಂಡು, ಜಾಣನ ಹಾಗೆ ಕೂತ. ಪಕ್ಕದ ಕುರ್ಚಿ ಖಾಲಿ. ಹಿರಾಯಾಮ ಟೀಚರು "ಕುರೊಸೆ ಯೂಮಾ" ಎಂದು ಕರೆದರು. ಅವನು ಏಳಲಿಲ್ಲ, ಹಿಂದೆ ತಿರುಗಿ ನನ್ನನ್ನೇ ನೋಡಿದ. ಏನು ಅಜ್ಜಿ, ಹೇಳಬಾರದೇ ಎನ್ನುವ ಮುಖ. ಯೊರಿಕೊ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಎರಡು ದಿನ ಇತ್ತು. ಟೀಚರು ಸ್ವಲ್ಪ ಕಾದು ಮುಂದಿನ ಹೆಸರಿಗೆ ಹೋದರು. "ಸಕುಮಾ ಹೊನೊಕಾ." ಪಕ್ಕದ ಕುರ್ಚಿ ಆ ಹುಡುಗಿಯದು, ಜ್ವರವೆಂದು ಬಂದಿರಲಿಲ್ಲ. ನಮ್ಮ ಯೂಮಾ ಆ ಖಾಲಿ ಕುರ್ಚಿಯನ್ನು ನೋಡಿದ, ಸಟಕ್ಕನೆ ಎದ್ದು ನಿಂತ, ಮೀನು ಹರಾಜು ಕೂಗುವವರ ದನಿಯಲ್ಲಿ "ಇದ್ದೀನಿ" ಎಂದ.

ನಕ್ಕರು, ಮಗಾ. ಇಡೀ ಸಭಾಂಗಣ ನಕ್ಕಿತು. ನೀನು ಹೆದರಿದ ಹಾಗೇ ನಡೆಯಿತು. ಯೊರಿಕೊ ಮುಖ ಮುಚ್ಚಿಕೊಂಡಳು. ಟೀಚರು ಮಾತ್ರ ಪೆನ್ನು ತೆಗೆದು, "ಸರಿ, ಹೊನೊಕಾ ಪರವಾಗಿ ಯೂಮಾ ಹೇಳಿದ್ದಾನೆ, ಬರ್ಕೊಂಡೆ" ಎಂದರು. ಅವನು ಸಮಾಧಾನವಾಗಿ ಕೂತು, ಪಕ್ಕದ ಕುರ್ಚಿಯನ್ನು ಸಾಲಿಗೆ ಸರಿಯಾಗಿ ಎಳೆದಿಟ್ಟ. ಸಂಜೆ ನಿನ್ನ ತಟ್ಟೆ ಬಡಿಸುವಾಗ ನನಗೆ ಹೊಳೆಯಿತು. ಬಾರದವರ ಪರವಾಗಿ ಇದ್ದವರು ಹೇಳಬೇಕು, ನಾನು ತಿಂಗಳಿಡೀ ಕಲಿಸಿದ ಪಾಠ ಅದೇ. ಯೊರಿಕೊಗೆ ಹೇಳಿದೆ. "ಅಯ್ಯೋ ಅತ್ತೆ, ತಪ್ಪು ಮಾಡಿದ್ದು ನೀವು, ಮರ್ಯಾದೆ ಹೋಗಿದ್ದು ನಂದು" ಎಂದು ನಗುತ್ತ ನಗುತ್ತ ಅತ್ತೇಬಿಟ್ಟಳು.

ಮೂರನೇ ದಿನ ಹೊನೊಕಾ ಬಂದಳು. ಅಮ್ಮನಿಂದ ಕಥೆಯೆಲ್ಲ ಕೇಳಿದ್ದಳಂತೆ. "ಕುರೊಸೆ ಯೂಮಾ" ಎಂದು ಟೀಚರು ಕರೆದದ್ದೇ ತಡ, ಅವಳೆದ್ದು "ಇದ್ದೀನಿ" ಎಂದಳಂತೆ. ಆಮೇಲೆ ಅವಳ ಹೆಸರಿಗೆ ಇವನು. ಅಂದಿನಿಂದ ದಿನವೂ ಹಾಗೆಯೇ. ತಿದ್ದಬೇಕೇ ಎಂದು ಯೊರಿಕೊ ಕೇಳಿದ್ದಕ್ಕೆ ಟೀಚರು, "ಇಬ್ರೂ ಬಂದಿದ್ದಾರೆ ಅಂತ ನಂಗೆ ಗೊತ್ತಾದ್ರೆ ಸಾಕು, ಬಿಡಿ" ಎಂದರು. ಈಗ ಬೆಳಿಗ್ಗೆ ಯೂಮಾ ತಾನೇ ಬ್ಯಾಗು ಬೆನ್ನಿಗೇರಿಸಿ ಬಾಗಿಲಲ್ಲಿ ನಿಲ್ಲುತ್ತಾನೆ. ಮೊನ್ನೆ ಭಾನುವಾರವೂ ನಿಂತ. ಶಾಲೆಯ ಮುಚ್ಚಿದ ಗೇಟು ತೋರಿಸಿ ಕರೆತರುವಷ್ಟರಲ್ಲಿ ನನ್ನ ಮಂಡಿ ಬಿದ್ದುಹೋಯಿತು.

ನಿನ್ನ ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳು. ಹೊಟ್ಟೆ ತುಂಬ ಉಣ್ಣು. ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ ಅಮ್ಮ,
ತೊಮಿಕೊ

ಮರೆತಿದ್ದೆ, ಲಕೋಟೆ ಅಂಟಿಸುವ ಮುಂಚೆ ಬರೆದುಬಿಡುತ್ತೇನೆ: ನಿನ್ನೆ ಸಂಜೆ ತಟ್ಟೆ ಇಟ್ಟು "ಶುಹೆಯಿ" ಎಂದೆ. ನಾನು ಬಾಯಿ ತೆರೆಯುವ ಮೊದಲೇ ಯೂಮಾ ಎದ್ದು ನಿಂತು "ಇದ್ದೀನಿ" ಎಂದ. ನಿನ್ನ ಉಪ್ಪಿನಕಾಯಿಯನ್ನೂ ತಿಂದ. ಕರೆದರೆ ತಿರುಗಿ ನೋಡುವುದಿಲ್ಲ ಎಂದೆಯಲ್ಲ, ನಿನ್ನ ಹೆಸರು ಕರೆದರೆ ಎದ್ದು ನಿಲ್ಲುತ್ತಾನೆ. ಇನ್ನೊಂದು ವರ್ಷದ ಆ ಹಡಗಿನ ಕರಾರಿಗೆ ಸಹಿ ಹಾಕಬೇಡ, ಮಗಾ. ಬಂದು ಅವನ ಪಕ್ಕ ಕೂರು, ನಾನು ಅವನ ಹೆಸರು ಕರೆಯುತ್ತೇನೆ, ನೀನು ಹೇಳು.