ಕೌದಿಯ ಸುಟ್ಟ ಮೂಲೆ

ಹಾನಗಲ್ಲ
7 ಡಿಸೆಂಬರ್ 2025

ಪ್ರೀತಿಯ ಅಕ್ಕಾ,

ಹೇಗಿದ್ದೀ? ಹೊಲಿಗೆ ಮಷೀನು ತುಳಿದು ತುಳಿದು ನಿನ್ನ ಕಾಲು ಬಾತುಕೊಳ್ಳುತ್ತವೆ ಎಂದು ಅಪ್ಪ ಹೇಳಿದ. ಮಲಗುವ ಮುಂಚೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂಡು. ಹೇಳಿದರೆ ಕೇಳುವವಳಲ್ಲ ನೀನು, ಆದರೂ ಹೇಳುತ್ತೇನೆ. ನಿಮ್ಮತ್ತೆಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತಂತೆ, ಕೇಳಿ ಸಮಾಧಾನವಾಯಿತು. ನಿನ್ನ ಯಜಮಾನರು, ಶಂಭುಲಿಂಗ ಮಾವ, ಈಗಲೂ ಕ್ರಿಕೆಟ್ ನೋಡುತ್ತಾ ಚಹಾ ಆರಿಸಿಕೊಂಡು, ಮತ್ತೆ ನಿನ್ನಿಂದಲೇ ಬಿಸಿ ಮಾಡಿಸಿಕೊಳ್ಳುತ್ತಾರೋ ಹೇಗೆ? ನಾನು ಆರಾಮ ಇದ್ದೇನೆ. ಅಪ್ಪನೂ ಆರಾಮ. ಯಲವಿಗಿ ಸ್ಟೇಶನ್ನಿನ ಮುಂದಿನ ಚಹಾದಂಗಡಿಯಲ್ಲಿ ಗೆಳೆಯರ ಜೊತೆ ಕುಳಿತು, ರೈಲು ತಡವಾದರೆ ತನ್ನನ್ನೇ ಯಾರೋ ಕಾಯಿಸಿದಂತೆ ಬೈಯುತ್ತಾನೆ.

ಕೈಯಲ್ಲಿ ಫೋನಿರುವಾಗ ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದು ನಿನಗೆ ಅನಿಸುತ್ತಿರಬೇಕು. ಶಿವರಾತ್ರಿ ಮುಗಿದ ಮೇಲೆ ಅವ್ವ ತೀರಿಕೊಂಡಳು, ಅವಳ ಸಾಮಾನು ಹಂಚುವಾಗ ನಾವಿಬ್ಬರೂ ಮಾತು ಬಿಟ್ಟೆವು. ಆಮೇಲೆ ನಿನ್ನ ನಂಬರು ತೆಗೆದು ನೋಡುತ್ತ ಕುಳಿತದ್ದು ಬಹಳ ಸಲ. ನೀನು ಎತ್ತಲಿಕ್ಕಿಲ್ಲ ಎಂಬ ಹೆದರಿಕೆಯಲ್ಲ. ಎತ್ತಿ 'ಹೇಳು' ಎಂದೆಯಾದರೆ ನಾನು ಚಳಿಯ ಸುದ್ದಿ, ಪರೀಕ್ಷೆಯ ಸುದ್ದಿ ಹೇಳಿ ಇಟ್ಟುಬಿಡುತ್ತೇನೆ. ನನ್ನ ಬಾಯಿ ಜಗಳಕ್ಕೆ ಎಷ್ಟು ಜೋರೋ ಉಳಿದದ್ದಕ್ಕೆ ಅಷ್ಟೇ ಹೇಡಿ. ಅದಕ್ಕೇ ಬರೆಯಲು ಕುಳಿತೆ.

ನೇರವಾಗಿ ಹೇಳಿಬಿಡುತ್ತೇನೆ. ಅವ್ವನ ಕೌದಿ ಈಗ ನನ್ನ ಹತ್ತಿರ ಇಲ್ಲ.

ಆ ದಿನ ಯಲವಿಗಿಯ ಮನೆಯ ಪಡಸಾಲೆಯಲ್ಲಿ ನೀನು ಕೇಳಿದ್ದು ಅದೊಂದನ್ನೇ. ಪಾತ್ರೆ ಬೇಡ, ಬಂಗಾರದ ಬೋರಮಾಳ ಸರ ಬೇಡ, ಕೌದಿ ಕೊಟ್ಟರೆ ಸಾಕು ಎಂದೆ. ನಾನು ಊರ ಪಂಚಾಯಿತಿಯ ಹಿರಿಯಳಂತೆ ಕಾಲು ಮಡಚಿ ಕುಳಿತು, 'ಅದು ನನಗಂತ ಅವ್ವ ಹೊಲದದ್ದು, ನನ್ನ ರೂಮಿನ್ಯಾಗ ಥಂಡಿ ಭಾಳ ಐತಿ' ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಿನಗೆ ಮದುವೆಯಲ್ಲಿ ಬಂದದ್ದು, ಕುಬಸದಲ್ಲಿ ಬಂದದ್ದು ಎಲ್ಲ ಎತ್ತಿ ಆಡಿದೆ. ನಿನ್ನ ಏಳು ತಿಂಗಳ ಬಸುರಿನ ಕುಬಸಕ್ಕೆ ಅಪ್ಪ ಹುಬ್ಬಳ್ಳಿಗೆ ಹೋಗಿ ಹಸಿರು ಸೀರೆ ತಂದಿದ್ದನಲ್ಲ, 'ಅಷ್ಟ ಚಂದ ಸೀರಿ ಎಲ್ಲಿ ಮುಚ್ಚಿಟ್ಟೀ, ಮತ್ತ ಒಂದ ದಿನಾನೂ ಉಟ್ಟಿದ್ದು ನೋಡಲಿಲ್ಲ' ಎಂದೂ ಕೇಳಿದೆ. ಹೆರಿಗೆಯಾಗಿ ಕೂಸು ಉಳಿಯದೆ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದವಳಿಗೆ ಕೇಳುವ ಮಾತೇ ಅದು? ನೀನು ಕೌದಿಯ ಒಂದು ಮೂಲೆಯ ಮೇಲೆ ಅಂಗೈ ಒತ್ತಿಕೊಂಡು ಬಹಳ ಹೊತ್ತು ಕುಳಿತೆ. ಆಮೇಲೆ ಅದನ್ನು ನೀಟಾಗಿ ಮಡಚಿ ನನ್ನ ಚೀಲದ ಮೇಲಿಟ್ಟು, ಊಟಕ್ಕೂ ನಿಲ್ಲದೆ ಹೋದೆ. 'ನಿಮ್ಮಕ್ಕ ಉಣದ ಹ್ವಾದ್ಳಲ್ಲ' ಎಂದು ಅಪ್ಪ ಸಂಜೆಯವರೆಗೂ ಅದನ್ನೇ ಅಂದ.

ಹಾಗೆ ಗೆದ್ದು ತಂದ ಕೌದಿಯನ್ನು ನಾನು ಹೊದ್ದದ್ದು ಮಳೆಗಾಲ ಮುಗಿಯುವವರೆಗೆ ಮಾತ್ರ. ಮೊದಮೊದಲು ಅದರಲ್ಲಿ ಅವ್ವನ ವಾಸನೆ ಇತ್ತು. ಮುಖದ ಮೇಲೆ ಎಳೆದುಕೊಂಡರೆ ನಿದ್ದೆ ಬರುತ್ತಿತ್ತು. ಒಂದು ಸಲ ಒಗೆದೆ, ವಾಸನೆ ಹೋಯಿತು. ಒದ್ದೆಯಾದರೆ ಅದು ಎಮ್ಮೆಯಷ್ಟು ಭಾರ, ಬೇಗ ಒಣಗುವುದೂ ಇಲ್ಲ. ರೂಮಿನ ಹುಡುಗಿಯರೆಲ್ಲ ರಸ್ತೆ ಬದಿಯಲ್ಲಿ ಮಾರುವ ಮೆತ್ತನೆಯ ರಗ್ಗು ತಂದರು, ನಾನೂ ಒಂದು ಗುಲಾಬಿ ಬಣ್ಣದ್ದು ತಂದೆ. ಆಮೇಲೆ ಕೌದಿ ಯಾವುದಕ್ಕೆ ಬಂತು ಗೊತ್ತೇ? ನೆಲಕ್ಕೆ ಹಾಸಿ ಬಟ್ಟೆ ಇಸ್ತ್ರಿ ಮಾಡುವುದಕ್ಕೆ. ದಪ್ಪಗಿದೆ, ಚಲೋ ಆಗುತ್ತದೆ ಎಂದು ಎಲ್ಲರೂ ಅದರ ಮೇಲೆಯೇ ಇಸ್ತ್ರಿ ಮಾಡಿದರು. ಒಂದು ದಿನ ನಾನೇ ಫೋನಿನಲ್ಲಿ ಮಾತಾಡುತ್ತ ಇಸ್ತ್ರಿ ಪೆಟ್ಟಿಗೆಯನ್ನು ಮೂಲೆಯ ಮೇಲೆ ಬಿಟ್ಟು ಎದ್ದೆ. ಒಳಪದರದವರೆಗೆ ತೂತಾಗುವಂತೆ ಸುಟ್ಟಿತು. ಹೊಲಿದರಾಯಿತು ಎಂದು, ಸರಿಯಾಗಿ ನೋಡದೆಯೇ ಮಡಚಿ ಬಾಗಿಲ ಹಿಂದೆ ಹಾಕಿದೆ. ದಾರ ಪೋಣಿಸುವಷ್ಟೂ ಪುರುಸೊತ್ತು ಆಗಲಿಲ್ಲ ನನಗೆ.

ದೀಪಾವಳಿಗೆ ಊರಿಗೆ ಹೋಗಿ ಬಂದಾಗ ಬಾಗಿಲ ಹಿಂದೆ ಕೌದಿ ಇರಲಿಲ್ಲ. ಅಲ್ಲಿ ಫಳಫಳ ಹೊಳೆಯುವ ಸ್ಟೀಲಿನ ದೊಡ್ಡ ಡಬ್ಬಿಯೊಂದು ಕುಳಿತಿತ್ತು. ನಮ್ಮ ಮನೆಯ ಮಾಲಕಿ ಖತೀಜಾಬಿಯ ವಿಷಯ ಅಪ್ಪ ಹೇಳಿರಬೇಕು. ಒಂಟಿ ಹೆಂಗಸು, ನಮ್ಮ ಮೇಲೆ ಬಹಳ ಜೀವ. ಹಳೆ ಬಟ್ಟೆ ತೆಗೆದುಕೊಂಡು ಭಾಂಡೆ ಕೊಡುವ ಗುತ್ತೆಪ್ಪ ಎಂಬುವನು ಓಣಿಗೆ ಬಂದಿದ್ದನಂತೆ. 'ಸುಟ್ಟ ನೆಲಕ್ಕ ಬಿದ್ದಿತ್ತು ಬೇಟಿ, ನಿನಗ ಬ್ಯಾಡಾಗೇತಿ ಅನಕೊಂಡೆ. ಮನಿಯಿಂದ ತಂದ ರೊಟ್ಟಿ ಮೆತ್ತಗಾಗ್ತಾವು ಅಂತಿದ್ದೆಲ್ಲ, ಅದಕ್ಕ ಡಬ್ಬಿ ತೊಗೊಂಡೆ' ಎಂದು ನಗುನಗುತ್ತ ಕೈಗಿಟ್ಟಳು. ಅವಳ ಮೇಲೆ ಹೇಗೆ ಸಿಟ್ಟಾಗಲಿ? ಬಾಗಿಲ ಹಿಂದೆ ಬಿಸಾಕಿದವಳು ನಾನು. ಅದು ತೀರಿಹೋದ ಅವ್ವ ಹೊಲಿದದ್ದು ಎಂದಾಗ ಅವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತು ಹಣೆ ಹಣೆ ಬಡಿದುಕೊಂಡಳು. ಅವಳನ್ನು ಸಮಾಧಾನ ಮಾಡುವುದೇ ನನಗೆ ದೊಡ್ಡ ಕೆಲಸವಾಯಿತು.

ಮರುದಿನದಿಂದ ನನ್ನ ತಿರುಗಾಟ ಶುರುವಾಯಿತು. 'ನಿನ್ನ ತಂಗಿ ಓದೋದು ಬಿಟ್ಟು ಊರೂರು ನೋಡಾಕತ್ತಾಳ' ಎಂದು ಅಪ್ಪ ನಿನಗೆ ಹೇಳಿದ್ದಾನಂತೆ. ನಾನು ಅವನಿಗೆ ಹೇಳಿದ್ದೇ ಹಾಗೆ. ಗುತ್ತೆಪ್ಪನ ಫೋನು ಹತ್ತುತ್ತಿರಲಿಲ್ಲ, ಸಂತೆಯಿಂದ ಸಂತೆಗೆ ಹೋಗುವ ಮನುಷ್ಯ. ಆಧಾರ್ ಕಾರ್ಡು ತೋರಿಸಿದರೆ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಹಣವಿಲ್ಲ, ಕ್ಲಾಸು ಬಿಡಲು ನಾಚಿಕೆ ಮೊದಲೇ ಇಲ್ಲ. ಮೊದಲು ಹಾನಗಲ್ಲಿನ ಸಂತೆಯನ್ನೇ ಜಾಲಾಡಿದೆ. ಒಂದೂವರೆ ವರ್ಷದಿಂದ ಈ ಊರಲ್ಲಿದ್ದೇನೆ. ತಾರಕೇಶ್ವರ ಗುಡಿಯ ತಂಪು ಕಲ್ಲಿನ ಮೇಲೆ ಕುಳಿತು ಓದಿದ್ದು, ಕಾಲೇಜಿನ ಮುಂದೆ ಗಿರಮಿಟ್ಟು ತಿಂದದ್ದು ಬಿಟ್ಟರೆ ಊರನ್ನು ಕಂಡೇ ಇರಲಿಲ್ಲ. ಕೌದಿ ಕಳೆದ ಮೇಲೆ ಓಣಿ ಓಣಿ ಗೊತ್ತಾದವು. ಕಟ್ಟೆಯ ಮೇಲೆ ಬಿಸಿಲಿಗೆ ಹಾಕಿದ ಪ್ರತಿ ಹಾಸಿಗೆಯ ಮೂಲೆಯನ್ನೂ ಇಣುಕಿ ನೋಡಿ ಹೆಂಗಸರಿಂದ ಬೈಸಿಕೊಂಡೆ.

ಶಿಗ್ಗಾವಿಗೆ ಖತೀಜಾಬಿ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಳು. ಸಂತೆಯಲ್ಲಿ ಗುತ್ತೆಪ್ಪ ಸಿಗಲಿಲ್ಲ. ಕಂಡಕಂಡ ಹಳೆ ಬಟ್ಟೆಯ ರಾಶಿಯಲ್ಲಿ ಅವಳು ಕೈ ಹಾಕಿ, 'ಇದೇನು ನೋಡ, ಇದೇನು ನೋಡ' ಎಂದು ಎಳೆದೆಳೆದು ತೋರಿಸಿದಳು. ಒಂದೂ ನಮ್ಮದಲ್ಲ. ಅಷ್ಟು ಕೌದಿಗಳನ್ನು ನಾನು ಒಟ್ಟಿಗೆ ಎಂದೂ ನೋಡಿರಲಿಲ್ಲ ಅಕ್ಕಾ. ಒಂದರಲ್ಲಿ ಯಾರದೋ ಶಾಲೆಯ ನೀಲಿ ಲಂಗ, ಒಂದರಲ್ಲಿ ಮುದುಕರ ಧೋತರದ ಅಂಚು. ಇವನ್ನೆಲ್ಲ ಮನೆಯವರು ಬೇಡವೆಂದೇ ಕೊಟ್ಟರೋ, ನನ್ನಂತೆ ಬಾಗಿಲ ಹಿಂದೆ ಹಾಕಿ ಕಳೆದುಕೊಂಡರೋ ಎನಿಸಿತು. ತಿರುಗಿ ಬರುವಾಗ ಖತೀಜಾಬಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಅವಳ ಮಂಡಿಯ ಮೇಲೆ ನನ್ನ ಕೈ ಇಟ್ಟುಕೊಂಡು ಕುಳಿತೆ.

ಸವಣೂರಿಗೆ ಒಬ್ಬಳೇ ಹೋದೆ. ಒದ್ದೆ ಗೋಣಿಯ ಕೆಳಗೆ ವೀಳ್ಯದೆಲೆಯ ಕಟ್ಟುಗಳನ್ನು ಇಟ್ಟುಕೊಂಡು ಕುಳಿತ ಮುದುಕರು, ಖಾರ ಕರಿಯುವ ವಾಸನೆ, ಎಲ್ಲ ಹಾಗೆಯೇ ಇವೆ. ದೊಡ್ಡಹುಣಸೆ ಮರಗಳ ಹತ್ತಿರವೂ ಹೋಗಿದ್ದೆ. ನಾವಿಬ್ಬರೂ ಕೈ ಕೈ ಹಿಡಿದು ಆ ಬುಡ ತಬ್ಬಲು ಹೋಗಿ, ಸಾಲದೆ, ಅವ್ವನನ್ನೂ ಎಳೆದುಕೊಂಡು ಬಂದದ್ದು ನೆನಪಿದೆಯೇ? 'ನಾ ಏನ ಸಣ್ಣಾಕಿ ಏನವ್ವಾ' ಎನ್ನುತ್ತಲೇ ಸೆರಗು ಸಿಕ್ಕಿಸಿ ಕೈ ಚಾಚಿದ್ದಳು. ನೀನು ಒಂದು ಕಡೆ, ನಾನು ಒಂದು ಕಡೆ ಅವಳ ಕೈ ಹಿಡಿದರೂ ಆಚೆ ಬದಿಯಲ್ಲಿ ನಮ್ಮ ಕೈ ಕೂಡಲಿಲ್ಲ. ಮರದ ಹತ್ತಿರ ನಿಂತು ಅತ್ತೆ, ಕಾಲೇಜಿನ ಹುಡುಗಿ ಎಂಬ ಲಜ್ಜೆ ಬಿಟ್ಟು ಅತ್ತೆ. ಆ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಗುತ್ತೆಪ್ಪ ಸಿಕ್ಕ. ಗಾಡಿಯ ತುಂಬ ಬಕೆಟ್ಟು ಬೋಗುಣಿ ನೇತುಹಾಕಿಕೊಂಡು ಹೊರಟಿದ್ದವನನ್ನು ಅಡ್ಡಹಾಕಿ ನಿಲ್ಲಿಸಿದೆ. 'ಸುಟ್ಟ ಮೂಲೀದಲ್ಲಾ? ಅದನ್ನ ಹಿರೇಕೆರೂರಾಗ ಮೆಣಸಿನಕಾಯಿ ಮಾರೋ ದುರಗವ್ವಗ ಕೊಟ್ಟೆ ತಂಗಿ. ಮೊಮ್ಮಗಳನ್ನ ಮಲಗಸಾಕ ದಪ್ಪಂದು ಬೇಕು ಅಂದ್ಲು' ಎಂದ.

ಹಿರೇಕೆರೂರಿಗೆ ಹಾವೇರಿಯ ಮೇಲಿನಿಂದ ಹೋದೆ. ಬಸ್ಸು ನಿಮ್ಮ ರಟ್ಟೀಹಳ್ಳಿಯಲ್ಲಿ ನಿಂತಿತು. ಕಂಡಕ್ಟರು ಚಹಾಕ್ಕೆ ಇಳಿದ. ಕದಂಬೇಶ್ವರ ಗುಡಿಯ ಕಡೆ ಹೋಗುವ ದಾರಿಯನ್ನು ಕಿಟಕಿಯಿಂದಲೇ ನೋಡಿದೆ. ಇಳಿದು ನಡೆದರೆ ನಿನ್ನ ಮಷೀನಿನ ಸಪ್ಪಳ ಕೇಳುತ್ತದೆ. ಕೌದಿ ಸಿಕ್ಕ ಮೇಲೆ ಅದನ್ನು ಹಿಡಿದುಕೊಂಡೇ ಬರುತ್ತೇನೆ ಎಂದು ನೆಪ ಹೇಳಿಕೊಂಡೆ. ಕಾಲು ಏಳಲಿಲ್ಲ ಎಂಬುದೇ ನಿಜ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಹಿರೇಕೆರೂರಿನ ಸಂತೆಯಲ್ಲಿ ದುರಗವ್ವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವಳ ಬಾಯಿಯೇ ಅವಳ ಬೋರ್ಡು. ಒಂದು ಕೈಯಲ್ಲಿ ತಕ್ಕಡಿ ಹಿಡಿದು, ಇನ್ನೊಂದು ಕೈಯಲ್ಲಿ ಪಕ್ಕದ ಹಣ್ಣಿನ ಬುಟ್ಟಿಯನ್ನು ತೊಟ್ಟಿಲಿನಂತೆ ತೂಗುತ್ತಿದ್ದಳು. ಬುಟ್ಟಿಯಲ್ಲಿ ನಮ್ಮ ಕೌದಿ. ಕೌದಿಯಲ್ಲಿ ಮೂರು ತಿಂಗಳದ್ದೋ ನಾಲ್ಕು ತಿಂಗಳದ್ದೋ ಕೂಸು, ಅಷ್ಟೊಂದು ಗದ್ದಲದಲ್ಲಿಯೂ ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಅವ್ವನ ಇಳಕಲ್ ಸೀರೆಯ ಕೆಂಪು ಸೆರಗು ಅದರ ಗಲ್ಲಕ್ಕೆ ತಾಗಿತ್ತು. ದುರಗವ್ವ ಸುಟ್ಟ ಮೂಲೆಯನ್ನು ಕಾಲ ಕಡೆಗೆ ಮಡಚಿದ್ದಳು. ನಾನು ಎಲ್ಲ ಹೇಳಿದೆ. ಅವಳು ತಕ್ಕಡಿ ಕೆಳಗಿಟ್ಟು ನನ್ನನ್ನು ನೋಡಿ, 'ಅವ್ವ ಹೊಲದದ್ದೇನವ್ವಾ? ಹಂಗಾರ ಒಯ್ಯಿ. ಕೂಸು ಏಳೂತನಕ ಕುಂದ್ರು, ಎದ್ದ ಮ್ಯಾಲೆ ಕೊಡ್ತೇನಿ' ಎಂದಳು. ನಾನು ಕುಳಿತೆ. ಆ ಮೂಲೆಯನ್ನು ಬಿಡಿಸಿ, ಎತ್ತಿ ನೋಡಿದೆ. ಮತ್ತೆ ಮಡಚಿ ಅದರ ಕಾಲಿನ ಕೆಳಗೆ ಇಟ್ಟೆ. ಕೂಸು ಏಳುವ ಮುಂಚೆಯೇ, ಇನ್ನೊಂದು ಸಲ ಬರುತ್ತೇನೆಂದು ಹೇಳಿ ಎದ್ದು ಬಂದೆ. ಅದನ್ನು ಎಳೆದುಕೊಳ್ಳಲು ಕೈ ಬರಲಿಲ್ಲ.

ಇಷ್ಟೇ ಸುದ್ದಿ. ಬೈಯುವುದಿದ್ದರೆ ಮನಸಾರೆ ಬೈ, ಆದರೆ ಬೈಯಲಾದರೂ ಬಾಯಿ ಬಿಡು. ನಿಮ್ಮತ್ತೆಗೆ, ಶಂಭುಲಿಂಗ ಮಾವನಿಗೆ ನನ್ನ ಶರಣು ಹೇಳು. ಖತೀಜಾಬಿ ನಿನ್ನನ್ನು ನೋಡದಿದ್ದರೂ ಸಲಾಂ ಹೇಳಿದ್ದಾಳೆ. ಕಾಲಿನ ಕಡೆ ಲಕ್ಷ್ಯವಿರಲಿ. ಅವ್ವ ನೋಡಿಕೊಳ್ಳುತ್ತಿದ್ದಂತೆ ಆ ಶಿವ ನಿನ್ನನ್ನು ನೋಡಿಕೊಳ್ಳಲಿ.

ನಿನ್ನ ಬಾಯಿಬಡಕಿ ತಂಗಿ,
ಅಂಕಿತಾ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಸುಟ್ಟ ಮೂಲೆಯ ತೂತಿನಲ್ಲಿ ಒಳಗೆ ಹಸಿರು ರೇಷ್ಮೆ ಕಂಡಿತು, ಅಂಚಿನಲ್ಲಿ ಹಳದಿ ಚುಕ್ಕಿ. ಅಪ್ಪ ಹುಬ್ಬಳ್ಳಿಯಿಂದ ತಂದದ್ದು. ಯಾರ ಕಣ್ಣಿಗೂ ಬೀಳಬಾರದೆಂದು ನೀನೂ ಅವ್ವನೂ ಅದನ್ನು ಒಳಪದರದಲ್ಲಿಟ್ಟು ಹೊಲಿದಿರಿ, ಅಲ್ಲವೇ ಅಕ್ಕಾ? ನೀನು ಅಂಗೈ ಒತ್ತಿಕೊಂಡು ಕುಳಿತದ್ದು ಅದೇ ಮೂಲೆಯ ಮೇಲೆ. ಎಲ್ಲಿ ಮುಚ್ಚಿಟ್ಟೀ ಎಂದು ನಾನು ಕೇಳಿದಾಗ ಅದು ನಿನ್ನ ಕೈಯ ಕೆಳಗೇ ಇತ್ತು. ಕೌದಿಯನ್ನು ತರಲು, ಅಲ್ಲೇ ಬಿಡಲು ನಾನ್ಯಾರು? ಅದರ ಒಡತಿ ಬಂದು ಹೇಳುತ್ತಾಳೆ ಎಂದು ದುರಗವ್ವನಿಗೆ ತಿಳಿಸಿದ್ದೇನೆ. ನಿನಗೆ ಬೇಕೆನಿಸಿದರೆ ತರೋಣ, ಆ ಕೂಸಿಗೇ ಇರಲಿ ಎನಿಸಿದರೆ ಇರಲಿ. ನೋಡುವುದೇ ಬೇಡ ಎಂದರೆ ಅದೂ ಸರಿ. ಮುಂದಿನ ಸಂತೆಯ ದಿನ ಮೊದಲನೆಯ ಬಸ್ಸಿಗೆ ಹೊರಡುತ್ತೇನೆ. ಈ ಸಲ ರಟ್ಟೀಹಳ್ಳಿಯಲ್ಲಿ ಇಳಿಯುತ್ತೇನೆ.